ನಮ್ಮ ಬಾವಿಯ ಸಿಹಿನೀರು, ಸತ್ತ ಮೀನುಗಳು

ಮಗಳ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಪಟ್ಟಿ ಇದೆ. ‘ಸೋಮವಾರ, ಕರಿ ಮೊಲಿ. ಮಂಗಳವಾರ, ಇನ್ನೊಂದು ಕರಿ ಮೊಲಿ. ಸೋಮವಾರ, ಬಿಳಿ ಮೊಲಿ.’ ಹೀಗೆ ಒಟ್ಟು ಹನ್ನೆರಡು. ಪ್ರತಿ ಸಾಲಿನ ಮುಂದೆ ಪೆನ್ಸಿಲ್ಲಿನಲ್ಲಿ ಒಂದು ಮೀನಿನ ಚಿತ್ರ, ಕಣ್ಣಿನ ಜಾಗದಲ್ಲಿ ಗುಣಾಕಾರದ ಗುರುತು. ಈ ಪಟ್ಟಿಯನ್ನು ನಾವು ಮೊದಲ ದಿನವೇ ಸರಿಯಾಗಿ ಓದಿದ್ದರೆ ಚಿಕ್ಕಪ್ಪನ ಹತ್ತಿರ ಆಡಬಾರದ ಮಾತು ಆಡುತ್ತಿರಲಿಲ್ಲ.

ನಾವು ಅಂದರೆ ಗಂಡ ಹೆಂಡತಿ ಇಬ್ಬರೂ. ಒಂದೇ ಕಾಲೇಜಿನಲ್ಲಿ ಗ್ರಾಮೀಣ ಪತ್ರಿಕೋದ್ಯಮ ಓದಿದವರು. ಈ ಪ್ರಕರಣದಲ್ಲಿ ತಪ್ಪಿದ್ದೂ ಒಟ್ಟಿಗೇ. ಹಾಗಾಗಿ ‘ನಾನು’ ಎಂದು ಬರೆದು ಒಬ್ಬರು ಪಾರಾಗುವ ಹಾಗಿಲ್ಲ.

ಎರಡು ವರ್ಷ ನಾವು ಕಾರವಾರದ ಕೋಡಿಬಾಗದಲ್ಲಿ ಬಾಡಿಗೆಗೆ ಇದ್ದೆವು. ಸಮುದ್ರ ಹತ್ತಿರ, ಮರಳು ನೆಲ, ಹಿತ್ತಲಲ್ಲೊಂದು ಗಿಡ್ಡ ಬಾವಿ. ಆ ನೀರಿನ ಬಗ್ಗೆ ಒಳ್ಳೆಯ ಮಾತಾಡಿದವರನ್ನು ನಾವು ಕಂಡಿಲ್ಲ. ಚಹಾ ಕಾಯಿಸುವ ಪಾತ್ರೆಯ ತಳದಲ್ಲಿ ತಿಂಗಳೊಪ್ಪತ್ತಿಗೆ ಬಿಳೀ ಪದರ ಕಟ್ಟುತ್ತಿತ್ತು. ತೊಗರಿಬೇಳೆ ಬೇಯಿಸಲು ಕುಕ್ಕರ್ ಎರಡು ಸೀಟಿ ಹೆಚ್ಚು ಹೊಡೆಯಬೇಕು. ಸೋಪು ಉಜ್ಜಿದಷ್ಟೂ ನೊರೆ ಬಾರದು. ಅಂಥ ನೀರಿನಲ್ಲಿಯೇ ಮಗಳ ಹುಟ್ಟುಹಬ್ಬಕ್ಕೆ ತಂದ ಮೀನಿನ ಟ್ಯಾಂಕ್ ಎರಡು ವರ್ಷ ತಂಟೆಯಿಲ್ಲದೆ ನಡೆಯಿತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಪೆಟ್ಟಿಗೆ, ಸುಮಾರು ಐವತ್ತು ಲೀಟರ್ ನೀರು. ಐದು ಮೊಲಿ, ಐದು ಟೆಟ್ರಾ, ಮೂರು ಗೋಲ್ಡ್ ಫಿಶ್, ಒಂದು ಗುರಾಮಿ. ಜೊತೆಗೆ ಯಾವುದೋ ಗಿಡದ ಬೇರಿಗೆ ಅಂಟಿಕೊಂಡು ಬಂದು ಸಂಸಾರ ಹೂಡಿದ ಸಣ್ಣ ಬಸವನಹುಳುಗಳು.

ಕಳೆದ ಮೇ ತಿಂಗಳಲ್ಲಿ ಊರಿಗೆ ಬಂದೆವು. ಅಂಕೋಲೆಯಿಂದ ಒಳಗೆ, ಗುಡ್ಡದ ಬುಡದಲ್ಲಿ ಹಿರಿಯರ ಮನೆ. ಕೆಳಗೆ ಅಡಿಕೆ ತೋಟ, ಅಂಗಳದಲ್ಲಿ ಚಿರೆಕಲ್ಲು ಕಡಿದು ಇಳಿಸಿದ ಬಾವಿ. ಈ ಬಾವಿಯ ನೀರಿನ ಕೀರ್ತಿ ಮೂರು ಕೇರಿಗೆ ಗೊತ್ತು. ಮದುವೆ ಮನೆಯವರು ಅಡುಗೆಗೆ ಇಲ್ಲಿಂದಲೇ ಕೊಡ ತುಂಬಿಸಿಕೊಂಡು ಹೋಗಿದ್ದುಂಟು. ಬೇಳೆ ಹಾಕಿದರೆ ಕರಗುತ್ತದೆ, ಚಹಾದ ಬಣ್ಣವೇ ಬೇರೆ, ತಲೆಗೆ ಹಾಕಿಕೊಂಡ ಶಾಂಪೂ ತೊಳೆದಷ್ಟೂ ಹೋಗುವುದಿಲ್ಲ. ಕಾರವಾರದ ಉಪ್ಪೊಗರು ನೀರಿನಲ್ಲಿ ಬದುಕಿದ ಮೀನುಗಳು ಇಲ್ಲಿ ಕುಣಿದಾಡುತ್ತವೆ ಎಂದೇ ಅಂದುಕೊಂಡಿದ್ದೆವು. ಅಮ್ಮ ಹೇಳಿದ್ದೂ ಅದನ್ನೇ: “ಪಾಪ, ಇನ್ನಾದರೂ ಒಳ್ಳೆ ನೀರು ಕುಡೀಲಿ.”

ಟ್ಯಾಂಕನ್ನು ಜಾಗ ಬದಲಿಸುವಾಗ ಹಳೆಯ ನೀರಿನಲ್ಲಿ ಅರ್ಧ ಕ್ಯಾನಿನಲ್ಲಿ ತಂದಿದ್ದೆವು. ಫಿಲ್ಟರಿನ ಸ್ಪಂಜು ಒಣಗದಂತೆ ಬಕೆಟ್ಟಿನಲ್ಲಿ ಇಟ್ಟು ತಂದೆವು. ಜೂನ್, ಜುಲೈ ಏನೂ ಆಗಲಿಲ್ಲ. ವಾರಕ್ಕೊಮ್ಮೆ, ಭಾನುವಾರ, ಕಾಲು ಭಾಗ ನೀರು ತೆಗೆದು ಬಾವಿಯ ನೀರು ಹಾಕುತ್ತಿದ್ದೆವು. ವಾರದ ದಿನಗಳಲ್ಲಿ ನಮ್ಮಿಬ್ಬರಿಗೂ ಕಾರವಾರದಲ್ಲಿ ಕೆಲಸ, ಬೆಳಿಗ್ಗೆ ಬಸ್ಸು ಹಿಡಿದರೆ ಬರುವುದು ಕತ್ತಲಾದ ಮೇಲೆ. ಮೀನಿಗೆ ಆಹಾರ ಹಾಕುವ ಕೆಲಸ ಚಿಕ್ಕಪ್ಪನದಾಯಿತು. ಪಕ್ಕದ ಮನೆ ಅವರದು. ಸಂಜೆ ನಾಲ್ಕಕ್ಕೆ ತೋಟದಿಂದ ಬಂದು, ನಮ್ಮ ಜಗಲಿಯಲ್ಲಿ ಕೂತು ಚಹಾ ಕುಡಿದು, ಎರಡು ಬೆರಳಲ್ಲಿ ಚಿಟಿಕೆ ಆಹಾರ ತೆಗೆದು ಉದುರಿಸುವುದು. ಮಗಳು ಶಾಲೆಯಿಂದ ಬರುವುದೂ ಅದೇ ಹೊತ್ತಿಗೆ. ಇಬ್ಬರೂ ಗಾಜಿಗೆ ಮೂಗು ತಾಗಿಸಿಕೊಂಡು ಕೂರುತ್ತಿದ್ದರಂತೆ.

ಆಗಸ್ಟಿನಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟಿತು. ಆ ಬಿಡುವಿನಲ್ಲಿ ಚಿಕ್ಕಪ್ಪ ಅಡಿಕೆಗೆ ಎರಡನೇ ಸಲದ ಮದ್ದು ಹೊಡೆಸಿದರು. ಮರುವಾರ ಮೊದಲ ಕರಿ ಮೊಲಿ ಸತ್ತಿತು.

ಒಂದು ಮೀನು ಸತ್ತರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಮ್ಮನಂತೂ “ಮನೆಗೆ ಬಂದದ್ದು ಮೀನಿಗೆ ಹೋಯ್ತು ಬಿಡು” ಎಂದರು. ಮೀನು ಸತ್ತರೆ ಮನೆಯವರ ಗಂಡಾಂತರ ಕಳೆಯಿತು ಎನ್ನುವ ನಂಬಿಕೆ ನಮ್ಮ ಕಡೆಯೂ ಇದೆ. ಆದರೆ ಮೂರು ವಾರದಲ್ಲಿ ಐದು ಮೊಲಿಗಳೂ ಹೋದಾಗ ಅಮ್ಮನೇ, “ಇಷ್ಟೊಂದು ಗಂಡಾಂತರ ನಮಗ್ಯಾಕೆ ಇತ್ತೋ” ಎಂದು ಗಾಬರಿಯಾದರು.

ಸಾಯುವ ಮೊದಲು ಮೊಲಿಗಳು ಒಂದು ರೀತಿ ಮಾಡುತ್ತಿದ್ದವು. ಮುಂದೆ ಹೋಗುವುದಿಲ್ಲ, ನಿಂತಲ್ಲೇ ನಿಂತು ಮೈ ಅಲ್ಲಾಡಿಸುವುದು, ಚಳಿ ಹಿಡಿದವರ ಹಾಗೆ. ರೋಗ ಎಂದುಕೊಂಡೆವು. ಔಷಧಿ ತಂದೆವು, ನೀಲಿ ಬಣ್ಣದ್ದು, ಮೆಥಿಲೀನ್ ಬ್ಲೂ. ಇಡೀ ಟ್ಯಾಂಕಿಗೆ ಸುರಿದೆವು. ಜೊತೆಗೆ ಒಂದು ಮುಷ್ಟಿ ಕಲ್ಲುಪ್ಪು. ನೀರು ಗಲೀಜಾಗಿರಬೇಕೆಂದು ಫಿಲ್ಟರಿನ ಸ್ಪಂಜನ್ನು ಬಾವಿಕಟ್ಟೆಯಲ್ಲಿ ಹಿಂಡಿ ಹಿಂಡಿ, ಅಂಗಡಿಯಿಂದ ತಂದ ದಿನ ಇದ್ದಷ್ಟು ಬೆಳ್ಳಗೆ ಮಾಡಿದೆವು. ಆಮೇಲೆ ಎರಡು ಟೆಟ್ರಾ ಸತ್ತವು.

ಈ ಹೊತ್ತಿಗೆ ನಮ್ಮೊಳಗಿನ ವರದಿಗಾರರು ಎದ್ದು ಕೂತಿದ್ದರು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂದು ಕ್ಲಾಸಿನಲ್ಲಿ ಕಲಿತದ್ದು ಇದೇ ಸಾಲಿನಲ್ಲಿ. ಅದರಲ್ಲಿ ‘ಯಾರು’ ಮೊದಲು ಬರುತ್ತದೆ. ಹೊಳೆಯಲ್ಲಿ ಮೀನು ಸತ್ತು ತೇಲಿದ ಸುದ್ದಿ ಬಂದರೆ ನಾವು ಬರೆಯುವ ಮೊದಲ ಸಾಲೂ ‘ಯಾರೋ ವಿಷ ಹಾಕಿರುವ ಶಂಕೆ’ ಎಂದೇ. ಹಾಗೆ ಆಗುವುದೂ ಉಂಟು, ಬೇಸಿಗೆಯಲ್ಲಿ ಹೊಳೆಗುಂಡಿಗೆ ಬ್ಲೀಚಿಂಗ್ ಪೌಡರ್ ಸುರಿದು ಮೀನು ಹಿಡಿಯುವವರು ಇದ್ದಾರೆ. ಆದರೆ 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದ್ದು ಯಾರೋ ಬಂದು ವಿಷ ಹಾಕಿದ್ದರಿಂದಲ್ಲ. ಚರಂಡಿ ನೀರು ಸೇರಿ ಸೇರಿ, ಬಿಸಿಲೂ ಏರಿ, ನೀರಿನಲ್ಲಿ ಆಮ್ಲಜನಕ ಇಲ್ಲವಾಗಿತ್ತು. ಇದೆಲ್ಲ ನಮಗೆ ಗೊತ್ತಿತ್ತು. ಆದರೂ ನಮ್ಮ ಮನೆಯ ಟ್ಯಾಂಕಿನ ಮುಂದೆ ನಿಂತಾಗ ಹುಡುಕಿದ್ದು ಆಸಾಮಿಯನ್ನೇ.

ಬಾವಿಗೆ ಏನಾದರೂ ಬಿದ್ದಿದೆಯೇ? ಇಲ್ಲ. ಆರೋಗ್ಯ ಇಲಾಖೆಯವರು ಸೊಳ್ಳೆಮರಿ ತಿನ್ನಲೆಂದು ಯಾವತ್ತೋ ಬಿಟ್ಟ ಗಪ್ಪಿಗಳು ಬಾವಿಯಲ್ಲಿ ಮರಿ ಹಾಕಿಕೊಂಡು ಹಾಯಾಗಿದ್ದವು. ಕರೆಂಟು ಹೋಗಿ ಗಾಳಿ ಪಂಪು ನಿಂತದ್ದೇ? ಮಳೆಗಾಲದಲ್ಲಿ ನಮ್ಮಲ್ಲಿ ಎರಡು ದಿನ ಕರೆಂಟು ಇಲ್ಲದಿರುವುದು ವಿಶೇಷವಲ್ಲ. ಆದರೆ ಆಗೆಲ್ಲ ಅಮ್ಮ ಗಂಟೆಗೊಮ್ಮೆ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತಿದ್ದರು, ಆ ದಿನಗಳಲ್ಲಿ ಒಂದೂ ಸತ್ತಿರಲಿಲ್ಲ.

ಹಾಗಾದರೆ ನೀರೇ ಬೇರೆ ಮಾಡಿ ನೋಡೋಣ ಎಂದುಕೊಂಡೆವು. ಕಾರವಾರದಲ್ಲಿ ಎರಡು ವರ್ಷ ಬದುಕಿದ ಮೀನು, ಕಾರವಾರದ ನೀರನ್ನೇ ತಂದು ಹಾಕಿದರೆ ಉಳಿಯಬೇಕು. ಒಂದು ಶನಿವಾರ ಹಳೇ ಮನೆ ಮಾಲೀಕರನ್ನು ಕೇಳಿ ಎರಡು ದೊಡ್ಡ ಕ್ಯಾನು ತುಂಬಿಸಿಕೊಂಡು ಅಂಕೋಲೆ ಬಸ್ಸು ಹತ್ತಿದೆವು. ಕಂಡಕ್ಟರ್ ಕ್ಯಾನು ನೋಡಿ ನಕ್ಕರು. “ಗೋವಾದ ಮಾಲಾ?” ಕಾರವಾರದಿಂದ ಕ್ಯಾನು ಹಿಡಿದು ಹೊರಟವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನೀರು ಎಂದೆವು. ನಂಬಲಿಲ್ಲ, ಮುಚ್ಚಳ ತೆಗೆಸಿ ಮೂಸಿ ನೋಡಿದರು. “ಅಂಕೋಲೆಯಲ್ಲಿ ನೀರಿಲ್ಲವಾ?” ಎಂದು ಕೇಳಿದ್ದಕ್ಕೆ ಏನು ಹೇಳುವುದು? ಬಿಣಗಾ, ಅಮದಳ್ಳಿ, ಅವರ್ಸಾ ದಾಟಿ ಸುಮಾರು 35 ಕಿಲೋಮೀಟರ್ ಆ ಕ್ಯಾನುಗಳನ್ನು ಕಾಲಿನ ಮಧ್ಯೆ ಹಿಡಿದುಕೊಂಡು ಬಂದೆವು.

ಭಾನುವಾರ ಮಧ್ಯಾಹ್ನ ಟ್ಯಾಂಕಿನ ಅರ್ಧ ನೀರು ತೆಗೆದು ಕಾರವಾರದ ನೀರು ತುಂಬಿದೆವು. ನಾಲ್ಕಕ್ಕೆ ಚಿಕ್ಕಪ್ಪ ಬಂದು ಎಂದಿನಂತೆ ಆಹಾರ ಹಾಕಿದರು. ರಾತ್ರಿಯೇ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು, ಕಿವಿರು ಕೆಂಪಗಾಗಿತ್ತು. ಸೋಮವಾರ ಬೆಳಿಗ್ಗೆ ಐದು ಸತ್ತಿದ್ದವು. ಉಳಿದ ಮೂರು ಟೆಟ್ರಾ, ಎರಡು ಗೋಲ್ಡ್ ಫಿಶ್. ಮಗಳು ಅಳಲಿಲ್ಲ. ನೋಟ್‌ಬುಕ್ ತಂದು ಐದು ಸಾಲು ಬರೆದಳು. ಅಳುವುದಕ್ಕಿಂತ ಅದು ನೋಡಲು ಕಷ್ಟವಾಗಿತ್ತು.

ನಮ್ಮ ತರ್ಕ ಈಗ ಗಟ್ಟಿಯಾಯಿತು. ನೀರು ಬದಲಿಸಿ ನೋಡಿದ್ದೇವೆ, ಆದರೂ ಸತ್ತಿವೆ. ಅಂದರೆ ತಪ್ಪು ನೀರಿನದಲ್ಲ. ಹಾಗಾದರೆ ಉಳಿದದ್ದು ಕೈ. ಮೈಲುತುತ್ತ ಮೀನಿಗೆ ವಿಷ ಎಂದು ಮೊಬೈಲಿನಲ್ಲಿ ಓದಿದೆವು. ಅದು ನಿಜವೂ ಹೌದು, ಅದರಲ್ಲಿರುವ ತಾಮ್ರ ಬಹಳ ಸಣ್ಣ ಪ್ರಮಾಣದಲ್ಲೂ ಮೀನಿನ ಕಿವಿರು ಕೆಡಿಸುತ್ತದೆ. ಮದ್ದು ಕಲಸಿದವರು ಯಾರು? ಅದೇ ಬೆರಳಿನಲ್ಲಿ ಆಹಾರ ಹಾಕಿದವರು ಯಾರು? ಮದ್ದು ಹೊಡೆದ ಮರುವಾರವೇ ಸಾವು ಶುರುವಾಗಿಲ್ಲವೇ? ಆ ಸಂಜೆ ರಜೆ ಹಾಕಿ ಮನೆಯಲ್ಲೇ ಇದ್ದೆವು. ಚಿಕ್ಕಪ್ಪ ಜಗಲಿ ಹತ್ತುವ ಮೊದಲೇ ಕೇಳಿದೆವು: “ಚಿಕ್ಕಪ್ಪಾ, ಮದ್ದು ಮುಟ್ಟಿದ ಕೈ ಸೋಪು ಹಾಕಿ ತೊಳೀತಿದ್ರಾ ಇಲ್ವಾ?”

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಏನೂ ಹೇಳಲಿಲ್ಲ. ತಮ್ಮ ಎರಡೂ ಅಂಗೈ ತಿರುಗಿಸಿ ಒಮ್ಮೆ ನೋಡಿಕೊಂಡರು. ನಾವು ಇನ್ನೊಂದು ಮಾತು ಸೇರಿಸಿದೆವು, “ಇನ್ನು ಮೇಲೆ ನೀವು ಟ್ಯಾಂಕ್ ಮುಟ್ಟುವುದು ಬೇಡ.” ಒಳಗಿಂದ ಅಮ್ಮ ಚಹಾ ತರುವಷ್ಟರಲ್ಲಿ ಅವರು ಬೇಲಿಯಾಚೆ ಹೋಗಿದ್ದರು.

ಮೂರು ವಾರ ಅವರು ನಮ್ಮ ಜಗಲಿಗೆ ಬರಲಿಲ್ಲ. ಬೈದಿದ್ದರೆ, ಜಗಳವಾಡಿದ್ದರೆ ಸುಲಭವಿತ್ತು. ಬಾವಿಗೆ ಬರುತ್ತಿದ್ದರು, ಅಮ್ಮನ ಹತ್ತಿರ ಮಾತಾಡುತ್ತಿದ್ದರು, ನಮ್ಮನ್ನು ಕಂಡರೆ “ಬಸ್ ಸಿಕ್ತಾ?” ಎಂದು ಕೇಳಿ ಹೋಗುತ್ತಿದ್ದರು. ನಾಲ್ಕು ಗಂಟೆಯ ಚಹಾ ಮಾತ್ರ ನಿಂತುಹೋಯಿತು. ಚೌತಿ ಹಬ್ಬಕ್ಕೆ ಬಂದವರು ದೇವರ ಕೋಣೆಯಿಂದ ನೇರ ಹೊರಗೆ ಹೋದರು, ಟ್ಯಾಂಕಿನ ಕಡೆ ತಿರುಗಲಿಲ್ಲ.

ಬಾಕಿ ಉಳಿದದ್ದು ಒಂದು ಗೋಲ್ಡ್ ಫಿಶ್, ಒಂದು ಗುರಾಮಿ, ಬಸವನಹುಳುಗಳು. ಮಗಳೊಂದು ದಿನ ನೋಟ್‌ಬುಕ್ ಮುಂದೆ ಹಿಡಿದು ಕೇಳಿದಳು, “ಅಜ್ಜ ದಿನಾ ಆಹಾರ ಹಾಕ್ತಿದ್ರಲ್ಲ, ಮತ್ತೆ ಮೀನು ಬರೀ ಸೋಮವಾರ, ಮಂಗಳವಾರ ಯಾಕೆ ಸಾಯೋದು?”

ನೋಡಿದೆವು. ಹನ್ನೆರಡು ಸಾವುಗಳಲ್ಲಿ ಒಂದೂ ಗುರುವಾರವಿಲ್ಲ, ಶುಕ್ರವಾರವಿಲ್ಲ. ಎಲ್ಲವೂ ಭಾನುವಾರದ ಬೆನ್ನಿಗೆ. ಭಾನುವಾರ ಟ್ಯಾಂಕಿಗೆ ಕೈ ಹಾಕುತ್ತಿದ್ದವರು ನಾವು.

ಆ ರಾತ್ರಿ ಗೆಳತಿಯೊಬ್ಬಳಿಗೆ ಫೋನ್ ಮಾಡಿದೆವು. ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಅಲ್ಲಿ ಓದಿದವಳು. ಮೊದಲೇ ಕೇಳಬಹುದಿತ್ತು, ಕೇಳಿರಲಿಲ್ಲ. ಕತೆ ಪೂರ್ತಿ ಕೇಳಿಸಿಕೊಂಡು ಅವಳು ಚಿಕ್ಕಪ್ಪನ ವಿಷಯ ಎತ್ತಲೇ ಇಲ್ಲ. “ಬಸವನಹುಳು ಬದುಕಿದೆಯಾ?” ಎಂದು ಕೇಳಿದಳು. ಬದುಕಿವೆ. “ಹಾಗಾದರೆ ತಾಮ್ರ ಅಲ್ಲ. ತಾಮ್ರ ಬಿದ್ದರೆ ಮೀನಿಗಿಂತ ಮೊದಲು ಬಸವನಹುಳು ಸಾಯುತ್ತದೆ. ಅದರ ಚಿಪ್ಪು ಹೇಗಿದೆ ನೋಡು.” ಟಾರ್ಚ್ ಹಿಡಿದು ನೋಡಿದೆವು. ಕಂದು ಚಿಪ್ಪುಗಳ ಮೇಲೆಲ್ಲ ಬಿಳಿ ಬಿಳಿ ಗುಳಿ, ಹುಳುಕು ಹಲ್ಲಿನ ಹಾಗೆ ತಿಂದುಹೋಗಿತ್ತು. ಮಗಳ ಚಿತ್ರದಲ್ಲಿ ಬಸವನಹುಳುವಿಗೆ ಬಿಳಿ ಚುಕ್ಕೆ ಇದ್ದದ್ದು ಅಲಂಕಾರಕ್ಕೆ ಎಂದುಕೊಂಡಿದ್ದೆವು.

“ನೀರು ಹುಳಿಯಾಗಿದೆ,” ಎಂದಳು ಗೆಳತಿ. “ಪಿಎಚ್ ನೋಡಿ ಹೇಳು.”

ಪಿಎಚ್ ನೋಡುವ ಕಾಗದ ತರಲು ಕಾರವಾರಕ್ಕೆ ಹೋಗಬೇಕಿರಲಿಲ್ಲ. ಬೇಲಿಯಾಚೆಯೇ ಇತ್ತು. ಅಡಿಕೆ ಬೆಳೆಯುವವರಿಗೆ ಇದು ಗೊತ್ತೇ ಇದೆ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದ ನೀರು ಹುಳಿ, ಸುಣ್ಣ ಆ ಹುಳಿ ಕೊಲ್ಲುತ್ತದೆ. ಸುಣ್ಣ ಕಡಿಮೆ ಬಿದ್ದರೆ ಅಡಿಕೆ ಕಾಯಿ, ಎಲೆ ಸುಟ್ಟುಹೋಗುತ್ತವೆ. ಅದಕ್ಕೇ ಹಳಬರು ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಿದ್ದರು, ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು. ಈಗಿನವರು ಕಾಗದದ ಚೀಟಿ ಅದ್ದಿ ಬಣ್ಣ ನೋಡುತ್ತಾರೆ. ಚಿಕ್ಕಪ್ಪ ಎರಡನ್ನೂ ಮಾಡುತ್ತಾರೆ, ಕಾಗದದ ಮೇಲೆ ಅವರಿಗೆ ಪೂರ್ತಿ ನಂಬಿಕೆಯಿಲ್ಲ.

ಅಂದರೆ ನಮ್ಮಿಡೀ ಕೇರಿಯಲ್ಲಿ ನೀರಿನ ಹುಳಿ ಅಳೆಯುವ ವಿದ್ಯೆ ಬಲ್ಲವರು, ಸಾಮಾನು ಇಟ್ಟುಕೊಂಡವರು ಅವರೊಬ್ಬರೇ. ಅವರನ್ನೇ ನಾವು ಟ್ಯಾಂಕಿನಿಂದ ದೂರ ಇಟ್ಟಿದ್ದೆವು.

ಬೇಲಿ ದಾಟಲು ಎರಡು ದಿನ ಹಿಡಿಯಿತು. ಯಾರು ಹೋಗಿ ಕೇಳುವುದು ಎನ್ನುವುದರ ಮೇಲೆ ನಮ್ಮಿಬ್ಬರಲ್ಲೇ ಸಣ್ಣ ಜಗಳವೂ ಆಯಿತು. ಕೊನೆಗೆ ಇಬ್ಬರೂ ಹೋದೆವು. ಅವರು ಅಂಗಳದಲ್ಲಿ ಕೂತು ಹಾಳೆ ಕತ್ತರಿಸುತ್ತಿದ್ದರು.

“ಚಿಕ್ಕಪ್ಪಾ, ನಿಮ್ಮ ಪಿಎಚ್ ಕಾಗದ ಬೇಕಿತ್ತು.”

“ಎಂತಕ್ಕೆ ತಮಾ?”

“ಟ್ಯಾಂಕಿನ ನೀರು ನೋಡಲಿಕ್ಕೆ. ನಿಮ್ಮದೇನೂ ತಪ್ಪಿಲ್ಲ, ಚಿಕ್ಕಪ್ಪ. ನಮ್ಮದೇ. ಸುಮ್ಮನೆ ನಿಮಗೆ ಹಾಗೆ ಹೇಳಿಬಿಟ್ಟೆವು.”

ಅವರು ಕತ್ತಿ ಕೆಳಗಿಟ್ಟು ಒಳಗೆ ಹೋದರು. ತುಂಬಾ ಹೊತ್ತು ಬರಲಿಲ್ಲ. ಬಂದಾಗ ಅಂಗಿ ಬದಲಿಸಿದ್ದರು, ಕೈ ಒದ್ದೆಯಿತ್ತು, ಸೋಪಿನ ವಾಸನೆ. ಆ ವಾಸನೆ ನಮ್ಮ ಮೂಗಿಗೆ ಬಂದಾಗ ಆದ ನಾಚಿಕೆ ಇಲ್ಲಿ ಬರೆದು ತೀರುವಂಥದ್ದಲ್ಲ.

ಕಾಗದವನ್ನು ನಮ್ಮ ಕೈಗೆ ಕೊಡಲಿಲ್ಲ, ತಾವೇ ಬಂದರು. ಚೀಟಿ ಹರಿದು ಟ್ಯಾಂಕಿಗೆ ಅದ್ದಿ, ಪುಸ್ತಕದ ಹೊದಿಕೆಯ ಮೇಲಿನ ಬಣ್ಣಗಳ ಪಕ್ಕ ಹಿಡಿದು, ಕಣ್ಣು ಸಣ್ಣ ಮಾಡಿ ನೋಡಿದರು. ಐದಕ್ಕೂ ಆರಕ್ಕೂ ನಡುವೆ. ಆಮೇಲೆ ಬಾವಿಯ ನೀರಿಗೆ ಅದ್ದಿದರು, ಆರರ ಹತ್ತಿರ. ಕಾರವಾರದ ಕ್ಯಾನಿನಲ್ಲಿ ಉಳಿದಿದ್ದ ನೀರಿಗೆ ಅದ್ದಿದರೆ ಎಂಟು.

“ಸುಣ್ಣ ಸಾಲದು,” ಎಂದರು.

ಗೆಳತಿ ಆಮೇಲೆ ಅರ್ಧ ಗಂಟೆ ಫೋನಿನಲ್ಲಿ ವಿವರಿಸಿದ್ದೂ ಈ ಎರಡು ಮಾತನ್ನೇ.

ಅವಳು ಹೇಳಿದ್ದು ಹೀಗೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ಘಾಟು ಅದೇ. ತಿಂದು ಉಳಿದ ಆಹಾರ ಕೊಳೆತರೂ ಅದೇ ಬರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಕೂತು ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅದು ಗೊಬ್ಬರ, ಮೀನಿಗೆ ಅಷ್ಟು ತೊಂದರೆಯಿಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕ್ ತಂದ ದಿನವೇ ಹತ್ತು ಮೀನು ಬಿಟ್ಟವರ ಮನೆಯಲ್ಲಿ ಹದಿನೈದು ದಿನದೊಳಗೆ ಮೀನು ಸಾಯುವುದು ಇದಕ್ಕೇ. ನಾವು ನೀಲಿ ಔಷಧಿ ಸುರಿದು, ಸ್ಪಂಜು ಬೆಳ್ಳಗೆ ತೊಳೆದು, ಇದ್ದ ಬ್ಯಾಕ್ಟೀರಿಯಾಗಳನ್ನೂ ಕಳೆದಿದ್ದೆವು.

ಅಷ್ಟೇ ಆಗಿದ್ದರೆ ಅವು ಮತ್ತೆ ಬೆಳೆಯುತ್ತಿದ್ದವು. ಆದರೆ ಅವು ಕೆಲಸ ಮಾಡುವಾಗ ಆಮ್ಲ ಹುಟ್ಟುತ್ತದೆ. ನೀರಿನಲ್ಲಿ ಕರಗಿರುವ ಸುಣ್ಣದಂಥ ಅಂಶ ಆ ಆಮ್ಲವನ್ನು ನುಂಗುತ್ತಾ ಖರ್ಚಾಗುತ್ತದೆ. ಅಮೋನಿಯಾದಲ್ಲಿನ ಒಂದು ಗ್ರಾಂ ಸಾರಜನಕ ಕಳೆಯಲು ಏಳು ಗ್ರಾಂ ಸುಣ್ಣಕಲ್ಲು ಕರಗಿದಷ್ಟು ಕ್ಷಾರ ಬೇಕಂತೆ. ಕಾರವಾರದ ಮರಳಿನಲ್ಲಿ ಚಿಪ್ಪಿನ ಚೂರು ಎಷ್ಟು ಬೇಕಾದರೂ ಇದೆ, ಅಲ್ಲಿನ ಬಾವಿ ನೀರಿಗೆ ಅದು ಕರಗಿರುತ್ತದೆ. ಪಾತ್ರೆಯ ತಳದ ಬಿಳೀ ಪದರ ಅದೇ. ನಮ್ಮ ಊರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಸಾವಿರಾರು ವರ್ಷ ಈ ಮಳೆ ನೆಲದ ಸುಣ್ಣವನ್ನೆಲ್ಲ ತೊಳೆದು ಕಡಲಿಗೆ ಸಾಗಿಸಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಮಾತ್ರ ಉಳಿಸಿದ್ದರಿಂದಲೇ ಚಿರೆಕಲ್ಲು ಕೆಂಪಗಿರುವುದು. (1801ರಲ್ಲಿ ಅಂಕೋಲೆ, ಕಾರವಾರದ ದಾರಿಯಲ್ಲಿ ಹೋದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷರ ಕಾಲದ ವೈದ್ಯನೇ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟದ್ದು, 1807ರ ಪುಸ್ತಕದಲ್ಲಿ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂದರ್ಥ. ಕಾಲೇಜಿನಲ್ಲಿ ಓದಿದ್ದು ಇಲ್ಲಿಯಾದರೂ ಉಪಯೋಗಕ್ಕೆ ಬಂತು.) ಇಂಥ ಕಲ್ಲಿನೊಳಗೆ ಇಳಿದು ಬಂದ ನೀರು ಮಳೆನೀರಿನಷ್ಟೇ ಮೆದು. ಅದಕ್ಕೇ ಬೇಳೆ ಬೇಗ ಬೇಯುವುದು, ಅದಕ್ಕೇ ಶಾಂಪೂ ಜಾರುತ್ತಲೇ ಇರುವುದು.

ಮೊದಲ ಎರಡು ತಿಂಗಳು ಕಾರವಾರದಿಂದ ತಂದ ಅರ್ಧ ಟ್ಯಾಂಕ್ ನೀರಿನ ಸುಣ್ಣ ಟ್ಯಾಂಕನ್ನು ಕಾದಿತ್ತು. ವಾರವಾರ ನಾವದನ್ನು ತೆಗೆದು ಚೆಲ್ಲುತ್ತಾ ಬಂದೆವು. ಗಡಸು ನೀರು ಬೇಡುವ ಮೊಲಿಗಳು ಮೊದಲು ನಡುಗಿದವು. ನೀರು ಆರಕ್ಕಿಂತ ಕೆಳಗಿಳಿದಾಗ ಬ್ಯಾಕ್ಟೀರಿಯಾಗಳೂ ಕೆಲಸ ನಿಲ್ಲಿಸಿದವು.

ಹಾಗಾದರೆ ಕಾರವಾರದ ನೀರು ಹಾಕಿದ ರಾತ್ರಿಯೇ ಐದು ಸತ್ತದ್ದು ಯಾಕೆ? ಇದನ್ನು ಕೇಳುವಾಗ ನಮ್ಮ ದನಿ ನಡುಗುತ್ತಿತ್ತು, ಉತ್ತರ ಅರ್ಧ ಗೊತ್ತಾಗಿತ್ತು.

ಅಮೋನಿಯಾಕ್ಕೆ ಎರಡು ರೂಪ. ಹುಳಿ ನೀರಿನಲ್ಲಿ ಅದು ಅಮೋನಿಯಂ ಆಗಿರುತ್ತದೆ, ಮೀನಿಗೆ ಹೆಚ್ಚೇನೂ ಮಾಡುವುದಿಲ್ಲ. ಪಿಎಚ್ ಒಂದು ಅಂಕ ಏರಿದರೆ ವಿಷರೂಪದ ಪಾಲು ಹತ್ತು ಪಟ್ಟು ಏರುತ್ತದೆ, ಎರಡು ಅಂಕ ಏರಿದರೆ ನೂರು ಪಟ್ಟು. ನಮ್ಮ ಟ್ಯಾಂಕಿನಲ್ಲಿ ವಾರಗಟ್ಟಲೆ ಕೂಡಿದ್ದ ಅಮೋನಿಯಾ, ಹುಳಿಯಿಂದಾಗಿ ಹಲ್ಲು ಕಿತ್ತ ಹಾವಿನ ಹಾಗೆ ಬಿದ್ದುಕೊಂಡಿತ್ತು. ನಾವು ಅರ್ಧ ನೀರು ತೆಗೆದದ್ದರಿಂದ ಅದರ ಪ್ರಮಾಣ ಅರ್ಧವಾಯಿತು, ನಿಜ. ಆದರೆ ಕಾರವಾರದ ನೀರು ಪಿಎಚ್ಚನ್ನು ಒಂದೇ ಮಧ್ಯಾಹ್ನದಲ್ಲಿ ಐದೂವರೆಯಿಂದ ಏಳೂವರೆಗೆ ಏರಿಸಿದ್ದರೆ, ವಿಷ ಕಡಿಮೆಯೆಂದರೂ ಐವತ್ತು ಪಟ್ಟು. ಗುರಾಮಿ ಗಟ್ಟಿ ಜೀವ, ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು, ಉಳಿಯಿತು. ಗೋಲ್ಡ್ ಫಿಶ್ ಹೇಗೆ ಉಳಿಯಿತೋ ಅದಕ್ಕೇ ಗೊತ್ತು.

ಮೀನು ಉಳಿಸಲೆಂದು 35 ಕಿಲೋಮೀಟರ್ ಹೊತ್ತು ತಂದ ನೀರಿನಿಂದಲೇ ಅವು ಸತ್ತವು. ಆ ಸಾವನ್ನು ನಾವು ಚಿಕ್ಕಪ್ಪನ ಬೆರಳಿಗೆ ಹಚ್ಚಿದ್ದೆವು.

ಆಮೇಲೆ ಮಾಡಿದ್ದನ್ನು ನಿಮ್ಮ ಮನೆಯಲ್ಲೂ ಟ್ಯಾಂಕ್ ಇದ್ದರೆ ಉಪಯೋಗವಾದೀತೆಂದು ಬರೆಯುತ್ತೇವೆ. ಅಮೋನಿಯಾ ನೋಡುವ ಹನಿ ಔಷಧಿಯ ಕಿಟ್ ತರಿಸಿದೆವು. ಹಳದಿ ಇರಬೇಕಾದ ನೀರು ಕಡುಹಸಿರಾಯಿತು. ಹುಳಿ ಹೋಗಲಾಡಿಸಲು ಅವಸರ ಮಾಡಬೇಡಿ ಎಂದು ಗೆಳತಿ ಗದರಿದ್ದಳು. ಮೊದಲು ಅಮೋನಿಯಾ ಇಳಿಯಬೇಕು, ಆಮೇಲೆ ಪಿಎಚ್ ಏರಬೇಕು. ಅದಕ್ಕಾಗಿ ಎರಡು ವಾರ, ದಿನಾ ಐದಾರು ಲೀಟರ್ ಮಾತ್ರ ತೆಗೆದು, ಅದೇ ನಮ್ಮ ಬಾವಿಯ ನೀರನ್ನು ಹಾಕಿದೆವು. ಆಹಾರ ಎರಡು ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಸ್ಪಂಜು ಹಿಂಡುವುದಿದ್ದರೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ, ಅದೂ ನಾಲ್ಕು ಸಲ ಅದ್ದಿ ತೆಗೆದರೆ ಸಾಕು. ಹಸಿರು ಮಾಸಿ ಹಳದಿಯಾದ ಮೇಲೆ ಸುಣ್ಣದ ವ್ಯವಸ್ಥೆ.

ಚಿಕ್ಕಪ್ಪ ಚೀಲದಲ್ಲಿದ್ದ ಸುಣ್ಣವನ್ನೇ ಒಂದು ಚಮಚ ಹಾಕುವ ಅಂದರು. ಗೆಳತಿ ಫೋನಿನಲ್ಲೇ ಕಿರುಚಿದಳು. ಸುಟ್ಟ ಸುಣ್ಣ ಒಂದೇ ಏಟಿಗೆ ಪಿಎಚ್ ಹತ್ತು ದಾಟಿಸುತ್ತದೆ, ಇದನ್ನು ಯಾರೂ ಮಾಡಬಾರದು. ಬೇಕಾದದ್ದು ಸುಡದ ಚಿಪ್ಪು. ಅದಕ್ಕೇನು ಬರ, ಅಮ್ಮ ವಾರಕ್ಕೊಮ್ಮೆ ಚಿಪ್ಪಿಕಲ್ಲಿನ ಸುಕ್ಕಾ ಮಾಡುತ್ತಾರೆ. ತಿಂದು ಎಸೆದ ಚಿಪ್ಪುಗಳನ್ನು ಆರಿಸಿ, ತಿಕ್ಕಿ ತೊಳೆದು, ಕುದಿಸಿ, ಒಣಗಿಸಿ, ಕುಟ್ಟಿ ಚೂರು ಮಾಡಿ, ಹಳೇ ಕಾಲುಚೀಲದಲ್ಲಿ ಕಟ್ಟಿ ಎರಡು ಮುಷ್ಟಿಯಷ್ಟು ಫಿಲ್ಟರಿನ ಹತ್ತಿರ ಇಟ್ಟೆವು. ನೀರು ಹುಳಿಯಾದಷ್ಟೇ ಅದು ಕರಗುತ್ತದೆ, ಹುಳಿ ಹೋದ ಮೇಲೆ ಕರಗುವುದು ನಿಧಾನವಾಗುತ್ತದೆ. ಹಾಗಾಗಿ ಹೆಚ್ಚಾದೀತೆಂಬ ಹೆದರಿಕೆಯಿಲ್ಲ. ಒಂದು ತಿಂಗಳಿಗೆ ಕಾಗದದ ಬಣ್ಣ ಏಳಕ್ಕೆ ಬಂದು ನಿಂತಿತು. ಬಸವನಹುಳುವಿನ ಹಳೆಯ ಗುಳಿ ಮುಚ್ಚಲಿಲ್ಲ, ಆದರೆ ಚಿಪ್ಪಿನ ಬಾಯಿಯ ಕಡೆ ಹೊಸದಾಗಿ ಬೆಳೆದ ಅಂಚು ಕಂದಾಗಿ, ನುಣುಪಾಗಿ ಇದೆ.

ಪೇಟೆಯ ನಲ್ಲಿ ನೀರು ಬಳಸುವವರ ಕತೆ ಬೇರೆ, ಅಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ತುಂಬಿಸಿ ಒಂದು ದಿನ ಬಾಯಿ ತೆರೆದಿಟ್ಟು ಆಮೇಲೆ ಹಾಕಬೇಕು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಆ ನೀರು ಟ್ಯಾಂಕಿಗೆ ಬೇಡ. ಮೀನು ಸತ್ತ ದಿನ, ವಾರ, ಹಿಂದಿನ ದಿನ ನೀವೇನು ಮಾಡಿದಿರಿ ಎಂಬುದನ್ನು ಮಕ್ಕಳ ಹತ್ತಿರ ಬರೆಸಿಡಿ, ಅವರು ಸರಿಯಾಗಿ ಬರೆಯುತ್ತಾರೆ.

ಐವತ್ತು ಲೀಟರಿಗೆ ಹದಿನಾಲ್ಕು ಮೀನು ಮೊದಲೇ ಹೆಚ್ಚಾಗಿತ್ತಂತೆ, ಅದರಲ್ಲೂ ಗೋಲ್ಡ್ ಫಿಶ್ ಬಹಳ ಗಲೀಜು ಮಾಡುವ ಜಾತಿ. ಈಗ ಆರೇ ಇವೆ. ಉಳಿದ ಎರಡರ ಜೊತೆಗೆ ಬಾವಿಯಿಂದ ಎತ್ತಿದ ನಾಲ್ಕು ಗಪ್ಪಿ, ದುಡ್ಡಿಲ್ಲದೆ ಬಂದವು. ಗಣಿತದ ನೋಟ್‌ಬುಕ್ಕಿನ ಪಟ್ಟಿಗೆ ಹೊಸ ಸಾಲು ಸೇರಿಲ್ಲ. ಮಗಳು ಪಟ್ಟಿಯ ಕೆಳಗೆ ಗೆರೆ ಎಳೆದು ಬುಧವಾರ, ಭಾನುವಾರದ ಪಿಎಚ್ ಬರೆಯುತ್ತಿದ್ದಾಳೆ.

ಚಿಕ್ಕಪ್ಪ ನಾಲ್ಕು ಗಂಟೆಯ ಚಹಾಕ್ಕೆ ಬರುತ್ತಾರೆ. ಗಾಜಿಗೆ ಮೂಗು ತಾಗಿಸಿ ನೋಡುತ್ತಾರೆ. ಆಹಾರದ ಡಬ್ಬಿ ಮುಂದೆ ಇಟ್ಟರೆ ಮಾತ್ರ ಮುಟ್ಟುವುದಿಲ್ಲ, “ಪುಟ್ಟಿ ಹಾಕಲಿ ಬಿಡು” ಎನ್ನುತ್ತಾರೆ. ನಾವು ಎರಡು ಮೂರು ಸಲ ಒತ್ತಾಯ ಮಾಡಿ ಈಗ ಸುಮ್ಮನಿದ್ದೇವೆ. ಪಿಎಚ್ ಕಾಗದದ ಪುಸ್ತಕ ನಮ್ಮಲ್ಲೇ ಇದೆ, ಹನ್ನೊಂದು ಚೀಟಿ ಉಳಿದಿವೆ. ಮೇ ತಿಂಗಳೊಳಗೆ ವಾಪಸ್ ಬೇಕು, ಮೊದಲ ಮದ್ದು ಹೊಡೆಸಲಿಕ್ಕಿದೆ ಎಂದಿದ್ದಾರೆ.